ಬ್ಲಾಕ್‌ಚೈನ್ ಜಾಲತಾಣಕ್ಕೆ ಜನ ತಾವಾಗಿಯೇ ಬರುತ್ತಾರೆಯೇ? ಸಾವಯವ ಬೆಳವಣಿಗೆಯ ಲೆಕ್ಕ ಮತ್ತು ತಪ್ಪು ನಂಬಿಕೆಗಳು

"ಪೋಸ್ಟ್ ಹಾಕಿ, ಕಾಯಿನ್ ಗಳಿಸಿ", "ಐವರನ್ನು ಸೇರಿಸಿ, ಜೀವನಪೂರ್ತಿ ಆದಾಯ ಪಡೆಯಿರಿ". ಇಂತಹ ಸಂದೇಶಗಳು ಈಗ ದೊಡ್ಡ ನಗರಗಳಿಗಷ್ಟೇ ಸೀಮಿತವಾಗಿಲ್ಲ. ಬಾಗಲಕೋಟೆಯ ಕಾಲೇಜು ವಿದ್ಯಾರ್ಥಿ, ಇಳಕಲ್ಲಿನ ನೇಕಾರ, ಬಾದಾಮಿಯ ಪ್ರವಾಸಿ ಮಾರ್ಗದರ್ಶಿ ಹೀಗೆ ಯಾರ ಮೊಬೈಲಿಗಾದರೂ ಇವು ಬರಬಹುದು. ಇನ್ನೊಂದೆಡೆ, ಬ್ಲಾಕ್‌ಚೈನ್ ಬಳಸಿ ಪ್ರಾಮಾಣಿಕವಾಗಿ ಒಂದು ಜಾಲತಾಣ ಕಟ್ಟಬೇಕೆಂದು ಹೊರಟ ಯುವಕ ಯುವತಿಯರೂ ಇದ್ದಾರೆ. ಅವರ ಪ್ರಶ್ನೆ ಬೇರೆ: ಜಾಹೀರಾತಿಗೆ ಹಣ ಸುರಿಯದೆ, ಆಮಿಷ ಒಡ್ಡದೆ ಬಳಕೆದಾರರನ್ನು ಹೆಚ್ಚಿಸಿಕೊಳ್ಳುವುದು ಹೇಗೆ?

ಈ ಲೇಖನದಲ್ಲಿ ನಾವು ಎರಡೂ ಕಡೆಯವರಿಗೆ ಉತ್ತರಿಸಲು ಪ್ರಯತ್ನಿಸಿದ್ದೇವೆ. ಚುಟುಕಾಗಿ ಹೇಳುವುದಾದರೆ, ಜನ ಬರುವುದು ತಂತ್ರಜ್ಞಾನಕ್ಕಾಗಿ ಅಲ್ಲ, ಉಪಯೋಗಕ್ಕಾಗಿ. ಹಣದ ಆಮಿಷಕ್ಕೆ ಬಂದವರು ಹಣ ನಿಂತ ದಿನ ಹೋಗುತ್ತಾರೆ.

ಬ್ಲಾಕ್‌ಚೈನ್ ಆಧಾರಿತ ಸಾಮಾಜಿಕ ಜಾಲತಾಣ ಎಂದರೇನು?

ಬ್ಲಾಕ್‌ಚೈನ್ ಎಂದರೆ ಒಂದೇ ಲೆಕ್ಕದ ಪುಸ್ತಕದ ನಕಲು ಅನೇಕ ಕಂಪ್ಯೂಟರ್‌ಗಳಲ್ಲಿ ಇರುವ ವ್ಯವಸ್ಥೆ. ಹೊಸ ನಮೂದು ಸೇರಬೇಕಾದರೆ ಆ ಕಂಪ್ಯೂಟರ್‌ಗಳ ಜಾಲ ಒಪ್ಪಬೇಕು. ಒಮ್ಮೆ ಸೇರಿದ ನಮೂದನ್ನು ಯಾರಿಗೂ ತಿಳಿಯದಂತೆ ತಿದ್ದುವುದು ಬಹಳ ಕಷ್ಟ.

ಸಾಮಾನ್ಯ ಜಾಲತಾಣದಲ್ಲಿ ನಿಮ್ಮ ಖಾತೆ, ಸ್ನೇಹಿತರ ಪಟ್ಟಿ, ಪೋಸ್ಟ್‌ಗಳು ಎಲ್ಲವೂ ಒಂದು ಕಂಪನಿಯ ಸರ್ವರ್‌ನಲ್ಲಿ ಇರುತ್ತವೆ. ಕಂಪನಿ ಖಾತೆ ಮುಚ್ಚಿದರೆ ಎಲ್ಲವೂ ಹೋದಂತೆ. ಬ್ಲಾಕ್‌ಚೈನ್ ಜಾಲತಾಣದಲ್ಲಿ ನಿಮ್ಮ ಗುರುತು, ಕೆಲವೊಮ್ಮೆ ಪೋಸ್ಟ್‌ಗಳೂ, ಆ ಸಾರ್ವಜನಿಕ ಪುಸ್ತಕದಲ್ಲಿ ದಾಖಲಾಗುತ್ತವೆ. ಒಂದು ಆ್ಯಪ್ ಮುಚ್ಚಿದರೂ ಇನ್ನೊಂದು ಆ್ಯಪ್ ಮೂಲಕ ಅದೇ ಗುರುತನ್ನು ಬಳಸಬಹುದು ಎಂಬುದು ಇದರ ಮುಖ್ಯ ಭರವಸೆ.

ಎಲ್ಲ ಜಾಲತಾಣಗಳೂ ಎಲ್ಲವನ್ನೂ ಬ್ಲಾಕ್‌ಚೈನ್‌ನಲ್ಲಿ ಇಡುವುದಿಲ್ಲ. ಸ್ಟೀಮ್ ಎಂಬ ಜಾಲದಲ್ಲಿ ಬರಹಗಳೇ ಬ್ಲಾಕ್‌ಚೈನ್‌ನಲ್ಲಿ ಸೇರುತ್ತವೆ. ಫಾರ್‌ಕಾಸ್ಟರ್‌ನಲ್ಲಿ ಗುರುತು ಮಾತ್ರ ಬ್ಲಾಕ್‌ಚೈನ್‌ನಲ್ಲಿದ್ದು, ಸಂದೇಶಗಳು ಬೇರೆ ಸರ್ವರ್‌ಗಳ ಜಾಲದಲ್ಲಿ ಇರುತ್ತವೆ. ಮಾಸ್ಟೊಡಾನ್ ಮತ್ತು ಬ್ಲೂಸ್ಕೈ ವಿಕೇಂದ್ರೀಕೃತ ಮಾದರಿಯವೇ ಆದರೂ ಬ್ಲಾಕ್‌ಚೈನ್ ಮೇಲೆ ನಿಂತಿಲ್ಲ. ವಿಕೇಂದ್ರೀಕರಣ ಬೇಕೆಂದರೆ ಬ್ಲಾಕ್‌ಚೈನ್ ಬೇಕೇ ಬೇಕು ಎಂಬುದು ನಿಜವಲ್ಲ.

ಸಾವಯವ ಬೆಳವಣಿಗೆ ಎಂದರೇನು?

ಸಾವಯವ ಕೃಷಿ ನಮಗೆ ಗೊತ್ತು. ರಾಸಾಯನಿಕ ಗೊಬ್ಬರ ಸುರಿಯದೆ, ಮಣ್ಣಿನ ಸತ್ವ ಹೆಚ್ಚಿಸಿ ಬೆಳೆ ತೆಗೆಯುವುದು. ಜಾಲತಾಣದ ಸಾವಯವ ಬೆಳವಣಿಗೆಯೂ ಹಾಗೆಯೇ. ಹಣ ಕೊಟ್ಟು ತರುವ ಜಾಹೀರಾತು, ಬೋನಸ್, ನಕಲಿ ಖಾತೆ ಇಲ್ಲದೆ, ಬಳಸಿದವರೇ ಇಷ್ಟಪಟ್ಟು ಇನ್ನೊಬ್ಬರಿಗೆ ಹೇಳಿ ಬಳಕೆದಾರರು ಹೆಚ್ಚುವುದು.

ಬನಶಂಕರಿ ಜಾತ್ರೆಯ ನಾಟಕ ಕಂಪನಿಗಳನ್ನು ನೆನಪಿಸಿಕೊಳ್ಳಿ. ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರ ಜಾತ್ರೆ ಸೇರುತ್ತದೆ, ಸಾಲಾಗಿ ನಾಟಕದ ಟೆಂಟುಗಳು ಏಳುತ್ತವೆ. ಮೊದಲ ದಿನದ ಪ್ರೇಕ್ಷಕರನ್ನು ಮೈಕಿನ ಪ್ರಚಾರ ಕರೆತರಬಹುದು. ಎರಡನೇ ವಾರದ ಪ್ರೇಕ್ಷಕರನ್ನು ಕರೆತರಬೇಕಾದವರು ಮೊದಲ ದಿನ ನೋಡಿ ಊರಿಗೆ ಹೋದವರೇ. ನಾಟಕ ಚೆನ್ನಾಗಿಲ್ಲದಿದ್ದರೆ ಮೈಕು ಎಷ್ಟು ಕೂಗಿದರೂ ಕುರ್ಚಿ ತುಂಬುವುದಿಲ್ಲ.

ಇದನ್ನು ಅಂಕಿಗಳಲ್ಲಿ ನೋಡೋಣ. ಕೆಳಗಿನದು ಅರ್ಥವಾಗಲೆಂದು ಮಾಡಿದ ಸರಳ ಲೆಕ್ಕ. ಒಂದು ಜಾಲತಾಣದಲ್ಲಿ 1,000 ಜನ ಇದ್ದಾರೆ. ಪ್ರತಿ ತಿಂಗಳು ಪ್ರತಿ 100 ಬಳಕೆದಾರರು ಸೇರಿ 20 ಹೊಸಬರನ್ನು ಕರೆತರುತ್ತಾರೆ ಎಂದುಕೊಳ್ಳಿ.

- ತಿಂಗಳಿಗೆ ಶೇ. 10ರಷ್ಟು ಜನ ಬಿಟ್ಟುಹೋದರೆ, ನಿವ್ವಳ ಏರಿಕೆ ಶೇ. 10. ಆರು ತಿಂಗಳ ನಂತರ ಸುಮಾರು 1,770 ಜನ.
- ತಿಂಗಳಿಗೆ ಶೇ. 30ರಷ್ಟು ಜನ ಬಿಟ್ಟುಹೋದರೆ, ನಿವ್ವಳ ಇಳಿಕೆ ಶೇ. 10. ಆರು ತಿಂಗಳ ನಂತರ ಸುಮಾರು 530 ಜನ.

ಎರಡೂ ಕಡೆ ಹೊಸಬರನ್ನು ಕರೆತರುವ ಪ್ರಮಾಣ ಒಂದೇ. ವ್ಯತ್ಯಾಸ ಇರುವುದು ಉಳಿಯುವವರ ಪ್ರಮಾಣದಲ್ಲಿ ಮಾತ್ರ. ತೂತು ಬಿದ್ದ ಕೊಡಕ್ಕೆ ಎಷ್ಟು ನೀರು ಸುರಿದರೇನು? ಆದ್ದರಿಂದ ಮೊದಲು ನೋಡಬೇಕಾದ ಅಂಕಿ ಡೌನ್‌ಲೋಡ್ ಅಲ್ಲ. ಈ ತಿಂಗಳು ಬಂದವರಲ್ಲಿ ಎಷ್ಟು ಜನ ಮುಂದಿನ ತಿಂಗಳೂ ಬಂದರು ಎಂಬುದು.

ಹಿಂದಿನ ಅನುಭವಗಳು ಏನು ಹೇಳುತ್ತವೆ?

ಸ್ಟೀಮಿಟ್: 2016ರಲ್ಲಿ ನೆಡ್ ಸ್ಕಾಟ್ ಮತ್ತು ಡ್ಯಾನ್ ಲಾರಿಮರ್ ಆರಂಭಿಸಿದ ಈ ತಾಣ "ಬರೆದರೆ ಟೋಕನ್" ಎಂಬ ಮಾದರಿಯನ್ನು ಜನಪ್ರಿಯಗೊಳಿಸಿತು. ಓದುಗರ ಮತಗಳ ಆಧಾರದಲ್ಲಿ ಬರಹಕ್ಕೆ ಟೋಕನ್ ಸಿಗುತ್ತಿತ್ತು. ಆದರೆ ಎಲ್ಲರ ಮತಕ್ಕೂ ಒಂದೇ ತೂಕ ಇರಲಿಲ್ಲ. ಹೆಚ್ಚು ಟೋಕನ್ ಇಟ್ಟವರ ಮತಕ್ಕೆ ಹೆಚ್ಚು ಬಲ. ಕ್ರಮೇಣ ಹಣ ಪಡೆದು ಮತ ಹಾಕುವ ಸ್ವಯಂಚಾಲಿತ ಬಾಟ್‌ಗಳು ಹುಟ್ಟಿಕೊಂಡವು. ಒಳ್ಳೆಯ ಬರಹಕ್ಕಿಂತ ಮತ ಕೊಳ್ಳುವ ಶಕ್ತಿ ಮುಖ್ಯವಾಯಿತು. ಟೋಕನ್ ಬೆಲೆ ಕುಸಿದ ನಂತರ, 2018ರ ನವೆಂಬರ್‌ನಲ್ಲಿ ಕಂಪನಿ ತನ್ನ ಶೇ. 70ರಷ್ಟು ಸಿಬ್ಬಂದಿಯನ್ನು ಕಡಿತಗೊಳಿಸಿತು.

ಮುಂದಿನ ಕಥೆ ಇನ್ನೂ ಮುಖ್ಯ. 2020ರ ಫೆಬ್ರವರಿಯಲ್ಲಿ ಟ್ರಾನ್ ಸ್ಥಾಪಕ ಜಸ್ಟಿನ್ ಸನ್ ಸ್ಟೀಮಿಟ್ ಕಂಪನಿಯನ್ನು ಕೊಂಡರು. ಜಾಲದ ನಿಯಂತ್ರಣಕ್ಕಾಗಿ ನಡೆದ ಜಟಾಪಟಿಯಲ್ಲಿ, ಕೆಲವು ವಿನಿಮಯ ಕೇಂದ್ರಗಳಲ್ಲಿ ಗ್ರಾಹಕರು ಇಟ್ಟಿದ್ದ ಟೋಕನ್‌ಗಳ ಮತಬಲವೂ ಬಳಕೆಯಾಯಿತು. ಇದನ್ನು ಒಪ್ಪದ ಬಳಕೆದಾರರು 2020ರ ಮಾರ್ಚ್ 20ರಂದು ಹೈವ್ ಎಂಬ ಪ್ರತ್ಯೇಕ ಬ್ಲಾಕ್‌ಚೈನ್ ಮಾಡಿಕೊಂಡು ಹೊರನಡೆದರು. ಇಲ್ಲಿ ಎರಡು ಪಾಠಗಳಿವೆ. ಒಂದು, ಬ್ಲಾಕ್‌ಚೈನ್ ಎಂದ ಮಾತ್ರಕ್ಕೆ ಅಧಿಕಾರ ಜನರ ಕೈಯಲ್ಲಿ ಇರುವುದಿಲ್ಲ. ಎರಡು, ಒಬ್ಬರಿಗೊಬ್ಬರು ನಿಜವಾಗಿ ಬೆಸೆದುಕೊಂಡ ಸಮುದಾಯ ಇದ್ದರೆ ಅದು ಗಂಟುಮೂಟೆ ಕಟ್ಟಿಕೊಂಡು ಒಟ್ಟಾಗಿ ಬೇರೆಡೆ ಹೋಗಬಲ್ಲದು.

ಫ್ರೆಂಡ್ ಟೆಕ್: 2023ರ ಆಗಸ್ಟ್‌ನಲ್ಲಿ ಬಂದ ಈ ಆ್ಯಪ್‌ನಲ್ಲಿ ಪ್ರಸಿದ್ಧರ "ಕೀ" ಕೊಂಡರೆ ಅವರೊಂದಿಗೆ ಖಾಸಗಿಯಾಗಿ ಮಾತನಾಡಬಹುದಿತ್ತು. ಹೆಚ್ಚು ಜನ ಕೊಂಡಷ್ಟೂ ಕೀ ಬೆಲೆ ಏರುತ್ತಿತ್ತು. ಕೆಲವೇ ವಾರಗಳಲ್ಲಿ ಭಾರಿ ಸದ್ದು ಮಾಡಿತು. ಬಹುತೇಕರಿಗೆ ಬೇಕಾಗಿದ್ದು ಮಾತಲ್ಲ, ಲಾಭ. ಬೆಲೆ ಇಳಿದಂತೆ ಜನರೂ ಹೋದರು. 2024ರ ಸೆಪ್ಟೆಂಬರ್‌ನಲ್ಲಿ ತಂಡ ನಿಯಂತ್ರಣವನ್ನೇ ಕೈಬಿಟ್ಟಿತು.

ಫಾರ್‌ಕಾಸ್ಟರ್: ಡ್ಯಾನ್ ರೊಮೆರೊ ಮತ್ತು ವರುಣ್ ಶ್ರೀನಿವಾಸನ್ ಇದನ್ನು ಕಟ್ಟಿದ ರೀತಿ ಬೇರೆ. ಮೊದಲ ಕೆಲವು ವರ್ಷ ಆಹ್ವಾನ ಇದ್ದವರಿಗೆ ಮಾತ್ರ ಪ್ರವೇಶ. 2023ರ ಅಕ್ಟೋಬರ್‌ನಲ್ಲಿ ಎಲ್ಲರಿಗೂ ತೆರೆದಾಗಲೂ ವರ್ಷಕ್ಕೆ ಕೆಲವು ಡಾಲರ್ ಶುಲ್ಕ ಇಟ್ಟರು. ನಕಲಿ ಖಾತೆಗಳ ಹಾವಳಿ ತಡೆಯಲು ಅದೂ ನೆರವಾಯಿತು. 2024ರ ಜನವರಿಯಲ್ಲಿ ಪೋಸ್ಟ್ ಒಳಗೇ ಪುಟ್ಟ ಆ್ಯಪ್ ಓಡಿಸುವ "ಫ್ರೇಮ್ಸ್" ಸೌಲಭ್ಯ ಕೊಟ್ಟಾಗ ದಿನದ ಬಳಕೆದಾರರು ಕೆಲವೇ ದಿನಗಳಲ್ಲಿ ಹಲವು ಪಟ್ಟು ಹೆಚ್ಚಿದರು. ಆ ವೇಗ ನಂತರ ಉಳಿಯಲಿಲ್ಲ. ಆದರೂ ಜನರನ್ನು ಕರೆತಂದದ್ದು ಬೋನಸ್ ಅಲ್ಲ, ಬೇರೆಡೆ ಸಿಗದ ಒಂದು ಉಪಯೋಗ.

ಕೂ: ನಮ್ಮದೇ ರಾಜ್ಯದ ಹತ್ತಿರದ ಉದಾಹರಣೆ ಇದು. ಕೂ ಬ್ಲಾಕ್‌ಚೈನ್ ಆಧಾರಿತ ಅಲ್ಲ, ಆದರೆ ಪಾಠ ಇಲ್ಲಿಗೂ ಅನ್ವಯಿಸುತ್ತದೆ. ಬೆಂಗಳೂರಿನ ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದವಾಟ್ಕಾ 2020ರಲ್ಲಿ ಕನ್ನಡದಿಂದಲೇ ಇದನ್ನು ಆರಂಭಿಸಿದರು. ಭಾಷೆಯೇ ಅದರ ಬಲವಾಗಿತ್ತು. ಸ್ಥಾಪಕರೇ ಹೇಳಿದಂತೆ ಉತ್ತುಂಗದಲ್ಲಿ ದಿನಕ್ಕೆ ಸುಮಾರು 21 ಲಕ್ಷ, ತಿಂಗಳಿಗೆ ಸುಮಾರು 1 ಕೋಟಿ ಸಕ್ರಿಯ ಬಳಕೆದಾರರಿದ್ದರು. ಹೊಸ ಬಂಡವಾಳ ಸಿಗದೆ, ಪಾಲುದಾರಿಕೆ ಮಾತುಕತೆಗಳೂ ಫಲಿಸದೆ 2024ರ ಜುಲೈನಲ್ಲಿ ಮುಚ್ಚುವುದಾಗಿ ಘೋಷಿಸಿದರು. ಖರ್ಚು ಆದಾಯಕ್ಕಿಂತ ವೇಗವಾಗಿ ಬೆಳೆದರೆ ಕೋಟಿ ಬಳಕೆದಾರರೂ ಒಂದು ತಾಣವನ್ನು ಉಳಿಸಲಾರರು.

ಬಾಗಲಕೋಟೆ ಜಿಲ್ಲೆಯಲ್ಲಿ ಹೇಗೆ ಆರಂಭಿಸಬಹುದು?

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸುತ್ತ ಒಂದು ತಾಣ ಕಟ್ಟಲು ಹೊರಟವರಿಗೆ ನಾವು ಕೊಡುವ ಸಲಹೆಗಳು ಇವು.

1. ಎಲ್ಲರಿಗೂ ಎಲ್ಲವೂ ಬೇಡ, ಕೆಲವರಿಗೆ ಒಂದು ಕೆಲಸ ಸಾಕು. ಇಳಕಲ್ ಸೀರೆಯನ್ನೇ ತೆಗೆದುಕೊಳ್ಳಿ. ಭೌಗೋಳಿಕ ಸೂಚಕ ಮಾನ್ಯತೆ ಇರುವ ಈ ಸೀರೆಯ ಹೆಸರಿನಲ್ಲಿ ಯಂತ್ರದ ನಕಲುಗಳೂ ಮಾರಾಟವಾಗುತ್ತವೆ. ನೇಕಾರರು ಮತ್ತು ಕೊಳ್ಳುವವರು ನೇರವಾಗಿ ಮಾತನಾಡುವ, ಯಾವ ಸೀರೆ ಯಾರ ಮಗ್ಗದಿಂದ ಬಂತು ಎಂದು ದಾಖಲಿಸುವ ಜಾಗ ಅವರಿಗೆ ಉಪಯುಕ್ತವಾಗಬಹುದು. "ಭಾರತದ ಹೊಸ ಫೇಸ್‌ಬುಕ್" ಎಂಬ ಘೋಷಣೆ ಯಾರಿಗೂ ಉಪಯುಕ್ತವಲ್ಲ.

2. ಮೊದಲು ದಟ್ಟಣೆ, ಆಮೇಲೆ ವಿಸ್ತಾರ. ರಾಜ್ಯದಾದ್ಯಂತ ಚದುರಿದ 1,000 ಜನರಿಗಿಂತ ಒಂದೇ ಊರಿನ, ಒಂದೇ ಕಸುಬಿನ 100 ಜನ ಹೆಚ್ಚು ಬೆಲೆಯವರು. ತಾಣ ತೆರೆದಾಗ ಪರಿಚಿತ ಹತ್ತು ಮಂದಿ ಕಂಡರೆ ಮಾತ್ರ ಮತ್ತೆ ತೆರೆಯುವ ಮನಸ್ಸು ಬರುತ್ತದೆ. ಇಳಕಲ್ ಸೀರೆಯಲ್ಲಿ ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಕೊಂಡಿ ಹಾಕಿ ಎಳೆಎಳೆಯಾಗಿ ಜೋಡಿಸುತ್ತಾರೆ. ಬಳಕೆದಾರರನ್ನೂ ಹೀಗೆ ಒಬ್ಬೊಬ್ಬರಾಗಿಯೇ ಜೋಡಿಸಬೇಕು.

3. ಬ್ಲಾಕ್‌ಚೈನ್ ಕಾಣಿಸದಿರಲಿ. ವಾಲೆಟ್, ಗ್ಯಾಸ್ ಶುಲ್ಕ, ಸೀಡ್ ಫ್ರೇಸ್ ಎಂಬ ಪದಗಳನ್ನು ಮೊದಲ ಪುಟದಲ್ಲೇ ಕಂಡರೆ ಬಹುತೇಕರು ಅಲ್ಲಿಂದಲೇ ಹಿಂದಿರುಗುತ್ತಾರೆ. ಮೊಬೈಲ್ ಸಂಖ್ಯೆಯಿಂದ ಒಳಬರಲು ಬಿಡಿ. ಗುರುತಿನ ಸಂಪೂರ್ಣ ಒಡೆತನ ಬೇಕೆಂದವರಿಗೆ ಅದನ್ನು ಆಮೇಲೆ, ನಿಧಾನವಾಗಿ, ಕನ್ನಡದಲ್ಲಿ ವಿವರಿಸಿ.

4. ಆಡುಮಾತು ಮತ್ತು ಧ್ವನಿಗೆ ಜಾಗ ಕೊಡಿ. ಟೈಪ್ ಮಾಡಲು ಹಿಂಜರಿಯುವವರು ಧ್ವನಿ ಸಂದೇಶ ಸರಾಗವಾಗಿ ಕಳಿಸುತ್ತಾರೆ. "ಹ್ಯಾಂಗದೀರಿ" ಎನ್ನುವ ಊರಿನಲ್ಲಿ ಇಂಗ್ಲಿಷಿನಿಂದ ಯಂತ್ರ ಅನುವಾದ ಮಾಡಿದ ಕನ್ನಡ ಪರಕೀಯ ಎನಿಸುತ್ತದೆ.

5. ಊರು ನಂಬುವವರ ಮೂಲಕ ಹೋಗಿ. ನೇಕಾರರ ಸಹಕಾರ ಸಂಘ, ಸ್ತ್ರೀಶಕ್ತಿ ಗುಂಪು, ಗ್ರಂಥಾಲಯ, ಕಾಲೇಜು ಹೀಗೆ. ನಂಬಿಕೆ ಬಾಯಿಂದ ಬಾಯಿಗೆ ಹೇಗೆ ಹರಡುತ್ತದೆ ಎಂಬುದಕ್ಕೆ ಇದೇ ನೆಲದಲ್ಲಿ ಉದಾಹರಣೆ ಇದೆ. ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ಸುತ್ತಿ, ಕಾಸಿನ ಬದಲು ಜನರ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದರು. ಸೇರಿದವರಿಗೆ ಬೋನಸ್ ಇರಲಿಲ್ಲ. ಆದರೂ ಮಹಾಂತ ಜೋಳಿಗೆ ಹರಡಿತು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನ.

6. ನಿಯಮ ಮತ್ತು ನಿಗಾ ಮೊದಲ ದಿನದಿಂದಲೇ ಇರಲಿ. ಬೈಗುಳ, ವದಂತಿ, ಮಹಿಳೆಯರಿಗೆ ಕಿರುಕುಳ ಇವನ್ನು ತಡೆಯದಿದ್ದರೆ ಮೊದಲು ಹೋಗುವವರು ಒಳ್ಳೆಯ ಬಳಕೆದಾರರು. "ಇದು ವಿಕೇಂದ್ರೀಕೃತ, ನಮ್ಮ ಹೊಣೆಯಲ್ಲ" ಎಂದು ಕೈತೊಳೆದುಕೊಳ್ಳುವಂತಿಲ್ಲ.

7. ಮತದ ತೂಕವನ್ನು ಯೋಚಿಸಿ ನಿರ್ಧರಿಸಿ. 1905ರಲ್ಲಿ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಸಹಕಾರ ಚಳವಳಿಯ ಮೂಲ ತತ್ವವೇ ಒಬ್ಬ ಸದಸ್ಯ, ಒಂದು ಮತ. ಟೋಕನ್ ಹೆಚ್ಚಿದ್ದವರಿಗೆ ಹೆಚ್ಚು ಮತ ಎಂದರೆ ಏನಾಗುತ್ತದೆ ಎಂಬುದನ್ನು ಸ್ಟೀಮಿಟ್ ತೋರಿಸಿದೆ.

ತಪ್ಪು ನಂಬಿಕೆಗಳು ಮತ್ತು ವಾಸ್ತವ

ತಪ್ಪು ನಂಬಿಕೆ: ಐವರನ್ನು ಸೇರಿಸುವ ಸರಪಳಿ ಎಲ್ಲರಿಗೂ ಲಾಭ ಕೊಡುತ್ತದೆ.
ವಾಸ್ತವ: ಲೆಕ್ಕ ಹಾಕಿ ನೋಡಿ. ಒಬ್ಬರು ಐವರನ್ನು, ಆ ಐವರು ತಲಾ ಐವರನ್ನು ಸೇರಿಸುತ್ತಾ ಹೋದರೆ ಏಳನೇ ಹಂತದಲ್ಲಿ 78,125 ಜನ ಬೇಕು. 2011ರ ಜನಗಣತಿಯಂತೆ ಇಳಕಲ್ ಪಟ್ಟಣದ ಜನಸಂಖ್ಯೆ ಸುಮಾರು 60 ಸಾವಿರ. ಒಂಬತ್ತನೇ ಹಂತಕ್ಕೆ 19,53,125 ಜನ ಬೇಕು. ಇಡೀ ಬಾಗಲಕೋಟೆ ಜಿಲ್ಲೆಯಲ್ಲಿ ಆಗ ಇದ್ದವರು ಸುಮಾರು 18.9 ಲಕ್ಷ, ಅದೂ ಮಕ್ಕಳು ಮುದುಕರೆಲ್ಲ ಸೇರಿ. ಸರಪಳಿ ಎಲ್ಲಾದರೂ ತುಂಡಾಗಲೇಬೇಕು. ತುಂಡಾದಾಗ ಹಣ ಕಳೆದುಕೊಳ್ಳುವವರು ಕೊನೆಗೆ ಸೇರಿದವರು, ಮತ್ತು ಅವರೇ ಸಂಖ್ಯೆಯಲ್ಲಿ ಹೆಚ್ಚು.

ತಪ್ಪು ನಂಬಿಕೆ: ಬ್ಲಾಕ್‌ಚೈನ್‌ನಲ್ಲಿ ಇರುವುದೆಲ್ಲ ಸತ್ಯ.
ವಾಸ್ತವ: ದಾಖಲೆ ತಿದ್ದಲ್ಪಟ್ಟಿಲ್ಲ ಎಂದಷ್ಟೇ ಬ್ಲಾಕ್‌ಚೈನ್ ಹೇಳಬಲ್ಲದು. ದಾಖಲಿಸಿದ್ದು ಸುಳ್ಳಾಗಿದ್ದರೆ ಆ ಸುಳ್ಳೇ ಭದ್ರವಾಗಿ ಉಳಿಯುತ್ತದೆ. ಪವರ್‌ಲೂಮ್ ಸೀರೆಯನ್ನು ಕೈಮಗ್ಗದ್ದೆಂದು ನಮೂದಿಸಿದರೆ ತಂತ್ರಜ್ಞಾನಕ್ಕೆ ಅದು ತಿಳಿಯುವುದಿಲ್ಲ. ಮಗ್ಗದ ಬಳಿ ನಿಂತು ಪರೀಕ್ಷಿಸುವ ಮನುಷ್ಯ ಬೇಕೇ ಬೇಕು.

ತಪ್ಪು ನಂಬಿಕೆ: ಇಲ್ಲಿ ನನ್ನ ಮಾಹಿತಿ ಸಂಪೂರ್ಣ ಖಾಸಗಿ.
ವಾಸ್ತವ: ಬಹುತೇಕ ಬ್ಲಾಕ್‌ಚೈನ್‌ಗಳು ಸಾರ್ವಜನಿಕ. ಅಲ್ಲಿ ಸೇರಿದ್ದನ್ನು ಅಳಿಸುವುದು ಬಹುತೇಕ ಅಸಾಧ್ಯ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನಮ್ಮ ಮಾಹಿತಿಯನ್ನು ಅಳಿಸುವಂತೆ ಕೇಳುವ ಹಕ್ಕು ಕೊಡುತ್ತದೆ. ಅಳಿಸಲಾಗದ ಪುಸ್ತಕದಲ್ಲಿ ಫೋಟೊ, ಮೊಬೈಲ್ ಸಂಖ್ಯೆ, ಮನೆ ವಿಳಾಸ ಬರೆದರೆ ಈ ಹಕ್ಕು ಚಲಾಯಿಸುವುದು ಹೇಗೆ? ಅಂತಹ ಮಾಹಿತಿಯನ್ನು ಬ್ಲಾಕ್‌ಚೈನ್‌ನ ಹೊರಗೇ ಇಡುವ ತಾಣ ಮಾತ್ರ ಜವಾಬ್ದಾರಿಯುತ.

ತಪ್ಪು ನಂಬಿಕೆ: ಪಾಸ್‌ವರ್ಡ್ ಮರೆತರೆ ಕಂಪನಿ ಮತ್ತೆ ಕೊಡುತ್ತದೆ.
ವಾಸ್ತವ: ವಾಲೆಟ್‌ನ ಕೀಲಿ ಸಾಮಾನ್ಯವಾಗಿ 12 ಅಥವಾ 24 ಪದಗಳ ಸಾಲಿನಲ್ಲಿ ಅಡಗಿರುತ್ತದೆ. ಕೀಲಿ ನಿಮ್ಮ ಬಳಿ ಮಾತ್ರ ಇರುವ ವಾಲೆಟ್‌ನಲ್ಲಿ ಅದು ಕಳೆದರೆ ಖಾತೆಯೂ ಹೋಯಿತು. ಇನ್ನೊಬ್ಬರಿಗೆ ಹೇಳಿದರೆ ಖಾತೆ ಅವರದ್ದಾಯಿತು. ಮನೆಮಂದಿಯೆಲ್ಲ ಒಂದೇ ಮೊಬೈಲ್ ಬಳಸುವಲ್ಲಿ ಈ ಎಚ್ಚರ ಇನ್ನೂ ಹೆಚ್ಚಿರಬೇಕು.

ಕಾನೂನು ಮತ್ತು ತೆರಿಗೆ: ಇಷ್ಟು ಗೊತ್ತಿರಲಿ

ಭಾರತದಲ್ಲಿ ಕ್ರಿಪ್ಟೊ ಟೋಕನ್‌ಗಳಿಗೆ ರೂಪಾಯಿಯಂತಹ ಅಧಿಕೃತ ಹಣದ ಸ್ಥಾನವಿಲ್ಲ. ಇವುಗಳ ವರ್ಗಾವಣೆಯಿಂದ ಬರುವ ಲಾಭಕ್ಕೆ 2022ರ ಏಪ್ರಿಲ್ 1ರಿಂದ ಶೇ. 30 ಆದಾಯ ತೆರಿಗೆ ಇದೆ. 2022ರ ಜುಲೈ 1ರಿಂದ ನಿಗದಿತ ಮಿತಿ ಮೀರಿದ ವಹಿವಾಟಿಗೆ ಶೇ. 1 ಟಿಡಿಎಸ್ ಇದೆ. ಒಂದು ಟೋಕನ್‌ನಲ್ಲಿ ಆದ ನಷ್ಟವನ್ನು ಬೇರೆ ಆದಾಯದಲ್ಲಿ ಕಳೆಯಲು ಬರುವುದಿಲ್ಲ. "ಪೋಸ್ಟ್ ಹಾಕಿ ಗಳಿಸಿ" ಎನ್ನುವವರು ಈ ಮಾತು ಹೇಳುವುದು ಕಡಿಮೆ.

ಸದಸ್ಯರನ್ನು ಸೇರಿಸಿದ್ದಕ್ಕೇ ಹಣ ಕೊಡುವ ಸರಪಳಿ ಯೋಜನೆಗಳನ್ನು 1978ರ ಹಣ ಪರಿಚಲನಾ ಯೋಜನೆಗಳ ನಿಷೇಧ ಕಾಯ್ದೆ ತಡೆಯುತ್ತದೆ. 2021ರ ನೇರ ಮಾರಾಟ ನಿಯಮಗಳೂ ಪಿರಮಿಡ್ ಯೋಜನೆಗಳನ್ನು ನಿಷೇಧಿಸಿವೆ. "ಬ್ಲಾಕ್‌ಚೈನ್" ಎಂಬ ಹೊಸ ಹೆಸರು ಅಂಟಿಸಿದ ಮಾತ್ರಕ್ಕೆ ಹಳೆಯ ವಂಚನೆ ಕಾನೂನುಬದ್ಧ ಆಗುವುದಿಲ್ಲ. ಇಂತಹ ಯೋಜನೆಗೆ ಜನರನ್ನು ಸೇರಿಸಿದವರೂ ತೊಂದರೆಗೆ ಸಿಲುಕಬಹುದು. ಹಾಗಾಗಿ ಅಕ್ಕಪಕ್ಕದ ಮನೆಯವರನ್ನು, ಬೀಗರನ್ನು ಸೇರಿಸುವ ಮುನ್ನ ಎರಡು ಬಾರಿ ಯೋಚಿಸಿ.

ಸೇರುವ ಮುನ್ನ ಕೇಳಬೇಕಾದ ಐದು ಪ್ರಶ್ನೆಗಳು

- ಟೋಕನ್ ಬೆಲೆ ನಾಳೆ ಸೊನ್ನೆಯಾದರೂ ನಾನು ಈ ತಾಣ ಬಳಸುತ್ತೇನೆಯೇ?
- ನನಗೆ ಬರುವ ಹಣ ಎಲ್ಲಿಂದ ಬರುತ್ತದೆ? ಹೊಸದಾಗಿ ಸೇರುವವರ ಜೇಬಿನಿಂದಲೇ?
- ಸೇರಲು ಮೊದಲೇ ಹಣ ಕಟ್ಟಬೇಕೇ? ಕಟ್ಟಿದ ಹಣ ಯಾವಾಗ ಬೇಕಾದರೂ ವಾಪಸ್ ತೆಗೆಯಬಹುದೇ?
- ತಾಣ ನಡೆಸುವವರ ಹೆಸರು, ವಿಳಾಸ, ದೂರು ಅಧಿಕಾರಿಯ ವಿವರ ಬಹಿರಂಗವಾಗಿದೆಯೇ?
- ನಾನು ಹಾಕಿದ್ದರಲ್ಲಿ ಯಾವುದು ಶಾಶ್ವತವಾಗಿ ಉಳಿಯುತ್ತದೆ, ಯಾವುದನ್ನು ಅಳಿಸಬಹುದು?

ಇವುಗಳಲ್ಲಿ ಒಂದಕ್ಕಾದರೂ ಸ್ಪಷ್ಟ ಉತ್ತರ ಸಿಗದಿದ್ದರೆ ದೂರ ಉಳಿಯುವುದೇ ಒಳ್ಳೆಯದು. ಈಗಾಗಲೇ ಹಣ ಕಳೆದುಕೊಂಡಿದ್ದರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಿ, ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಸಂದೇಶಗಳ ಸ್ಕ್ರೀನ್‌ಶಾಟ್, ಹಣ ಕಳಿಸಿದ ರಸೀದಿ ಅಳಿಸಬೇಡಿ.

ತಾಣ ಕಟ್ಟುವವರು ಈ ಐದು ಪ್ರಶ್ನೆಗಳನ್ನು ತಮ್ಮ ಮೊದಲ ಪುಟದಲ್ಲೇ ಹಾಕಿ, ಪ್ರಾಮಾಣಿಕವಾಗಿ ಉತ್ತರಿಸಬಹುದು. ಉತ್ತರ ಓದಿ ಕೆಲವರು ಸೇರದೆ ಹಿಂದಿರುಗುತ್ತಾರೆ, ನಿಜ. ಸೇರಿದವರು ಮಾತ್ರ ತಿಳಿದು ಸೇರಿರುತ್ತಾರೆ. ಮುಂದಿನ ತಿಂಗಳೂ ಬರುವವರು, ನೆರೆಯವರಿಗೆ ಧೈರ್ಯವಾಗಿ ಹೇಳುವವರು ಅವರೇ.